ಒಳಗಿನ ಕಂಬ

ಚಿತ್ರದುರ್ಗದ ನಿಲ್ದಾಣದಲ್ಲಿ ಹೊಳಲ್ಕೆರೆ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಇಬ್ಬರು ಹೆಂಗಸರು ಕೂತಿದ್ದರು. ಕಿರಿಯವಳು ಕೇಳಿದಳು:

“ಬಾರ್ಸಿಲೋನಾ ತನಕ ಹೋಗಿ ಆ ದೊಡ್ಡ ಚರ್ಚ್ ಒಳಗೆ ಹೋಗ್ಲಿಲ್ವಾ ಯಶೋದಕ್ಕ?”

“ಬಾಗ್ಲಲ್ಲೇ ಇದ್ದೆ ಕಣೆ. ನಮ್ಮ ದೊಡ್ಡಮಾವ ತೀರ್ಕಂಡ್ರು ಅಂತ ಊರಿಂದ ಫೋನ್ ಬಂತು. ಸೂತಕ ಅಲ್ವಾ, ಹೊರಗೇ ಕುಂತ್ಕಂಡೆ.”

“ಅಲ್ಲಿ ಯಾರು ಕೇಳ್ತಾರಕ್ಕ ಸೂತಕ?”

“ಯಾರೂ ಕೇಳಲ್ಲ. ಯಾರ ದೇವ್ರಾದ್ರೂ ದೇವ್ರೇ ಅಲ್ವಾ, ನಂಗೇ ಮನ್ಸು ಬರ್ಲಿಲ್ಲ.”

“ಹೋಗ್ಲಿ ಬಿಡು, ಮಾವಂಗೆ ಮರ್ಯಾದೆ ಕೊಟ್ಟಂಗಾತು.”

“ಜೀವಮಾನೆಲ್ಲ ಕಲ್ಲು ಕೆತ್ತಿದೋರು. ನಾನು ಹೊರಡೋವಾಗ ಒಂದೇ ಮಾತು ಹೇಳಿದ್ರು. ಆ ಚರ್ಚ್ ಒಳಗೆ ಕಂಬಗಳು ಮರದಂಗೆ ಕವಲೊಡೆದು ನಿಂತಾವಂತೆ, ನನ್ನ ಬದ್ಲಿಗೆ ಮುಟ್ಟಿ ನೋಡ್ಕಂಡು ಬಾರಮ್ಮ ಅಂತ.”

ಬಸ್ಸು ಬಂತು. ಕಿರಿಯವಳು ಯಶೋದಕ್ಕನ ಚೀಲವನ್ನೂ ತಾನೇ ಎತ್ತಿಕೊಂಡು ಹತ್ತಿದಳು.