ದಿನಕ್ಕೊಂದು ತಪ್ಪು

…ಸಾಲಿ ಕಲಿಸೂ ವಾಸುದೇವ ಮಾಸ್ತರೇ ಅಂದದ್ದು, ಮತ್ಯಾರು? ಚಿತ್ತಾಪುರ ಬಸ್‌ಸ್ಟ್ಯಾಂಡಿನ್ಯಾಗ, ಹತ್ತು ಮಂದಿ ಮುಂದ. "ಪೀರಮ್ಮ, ನೀ ಓದಾಕ ಕಲ್ತಿ, ಖರೆ. ಕಲಿಸೂದು ನಿನ್ನ ಕೈಲೆ ಆಗಂಗಿಲ್ಲ. ಎಂಟು ದಿನದಾಗ ಹುಡುಗ್ಯಾರು ಓಡಿ ಹೋಗ್ತಾರ" ಅಂದ್ರು. ಎಂಟು ದಿನ ನೋಡು. ಈಗ ನನ್ನ ಕ್ಲಾಸಿಗೆ ಆರು ವರ್ಷ ಆತು… ನಗಾಕತ್ತೇನು? ಇಲ್ಲ? ನಕ್ಕಂಗ ಕಾಣ್ತು. ನಕ್ರ ಚಲೋನೇ ಇತ್ತು, ನೂರಜಹಾನ. ಹದಿಮೂರು ದಿನದಿಂದ ನೀ ಮನಿ ಬಿಟ್ಟು ಹೊರಬಿದ್ದಿಲ್ಲಂತ. ನಿಮ್ಮಪ್ಪ ಬಾಬುಮಿಯಾ ಈಗ ಬಾಗಿಲದಾಗ ನಿಂತು ಹೇಳಿದ, "ಅಕ್ಕೋರ, ನೀವರ ಮಾತಾಡಿಸ್ರಿ" ಅಂತ. ಶಹಾಬಾದದಿಂದ ವಾಡಿ ತನಕ ಪ್ಯಾಸೆಂಜರ್‌ದಾಗ ನಿಂತು ಬಂದೀನಿ.

ಬ್ಯಾಳಿ ಹಸನ ಮಾಡೂದು ಬಿಡಬ್ಯಾಡ, ಮಾಡು. ಕೈ ಆಡ್ತಿದ್ರ ಕಿವಿ ತೆರದಿರ್ತದ. ನಮ್ಮ ಕಾಲೇಜಿನ್ಯಾಗೂ ಹಂಗ ಅಲ್ಲೇನು? ಹೊಲಿಗಿ ತರ್ರಿ, ಹೆಣಿಕಿ ತರ್ರಿ, ಕೂಸು ಇದ್ರ ಕೂಸು ತರ್ರಿ ಅಂತ ನಾನ ಹೇಳಿದ್ದು.

ನಾಳೆ ಹತ್ತಕ್ಕ ಗುಲ್ಬರ್ಗಾದಿಂದ ಟ್ರಸ್ಟಿನವ್ರು ಬರಾಕತ್ತಾರ. ಮೂರು ಮಂದಿ. ನಮ್ಮ ಸಮುದಾಯ ಕಾಲೇಜು ಮುಂದ ನಡಸೂದೋ ಮುಚ್ಚೂದೋ, ನಾಳೆ ಕ್ಲಾಸು ನೋಡಿ ಹೇಳ್ತಾರ. ನೀ ಬಂದು ಮುಂದ ಕುಂದ್ರಬೇಕು. ಅಷ್ಟ ಕೇಳಾಕ ಬಂದದ್ದು. ನೀ ಬಾಯಿ ತೆಗದ್ರ ಉಳದೋರೂ ತೆಗೀತಾರ. ನೀ ಬಿಟ್ಟಾಗಿಂದ ಏನ ಕೇಳಿದ್ರೂ ಎಲ್ಲಾರೂ ನೆಲ ನೋಡ್ತಾರ… ಈಗ ನೀ ನೋಡಾಕತ್ತೀಯಲ್ಲ, ಹಂಗ.

ನಾ ಯಾವ ಟ್ರೇನಿಂಗೂ ತಗೊಂಡಾಕಿ ಅಲ್ಲ. ದಂಡೋತಿಯಿಂದ ಲಗ್ನ ಆಗಿ ಶಹಾಬಾದಕ್ಕ ಬಂದು ಪಾಲಿಶ್ ಶೆಡ್ಡಿನ್ಯಾಗ, ನೆಲಕ್ಕ ಹಾಸೂ ಫರ್ಸಿ ಕಲ್ಲಿಗೆ ನೀರು ಸುರೀತಿದ್ದೆ. ಮನಿ ಹೆಸರು ಕೆತ್ತಿದ ಕಲ್ಲು ಬರ್ತಿದ್ವು. ಕೆತ್ತಿದ ತಗ್ಗಿನ್ಯಾಗ ಬಟ್ಟಿಟ್ಟು ತಿರುವಿ ತಿರುವಿ ಅಕ್ಷರ ಕಲ್ತೆ. ಮೊದ್ಲು ಬಂದದ್ದು 'ಶ್ರೀ'. ಎಲ್ಲಾ ಮನಿಗೂ ಅದ ಇರ್ತಿತ್ತಲ್ಲ. ಅ, ಆ ಭಾಳ ತಡಮಾಡಿ ಬಂದ್ವು. ಹಂಗ ಕಲ್ತಾಕಿಗೆ ಗೊತ್ತಿತ್ತು, ದಣದು ಬಂದ ಹೆಣ್ಮಗಳಿಗೆ ಹ್ಯಾಂಗ ಕಲಿಸಬೇಕಂತ. ಹಾಜರಿ ಕರದ್ರ 'ಹಾಜರ್' ಅನ್ನಂಗಿಲ್ಲ, ನಿನ್ನೆ ಕಲ್ತದ್ದು ಒಂದು ಮಾತು ಹೇಳಬೇಕು. ವಾಡಿ ರೈಲು ತಡ ಆದ್ರ ಕ್ಲಾಸೂ ತಡ. ಒಂದಿನ ರೈಲು ಬರಲೇ ಇಲ್ಲ, ನಾನ ಇಲ್ಲಿಗಿ ಬಂದು ಪ್ಲಾಟ್‌ಫಾರಂ ಫರ್ಸಿ ಮ್ಯಾಲ ಹಲಗಿಗೆ ಬರಿಯೂ ಖಡುವಿಲೆ ಲೆಕ್ಕ ಬರಸಿದೆ, ನೆನಪಿಲ್ಲೇನು? ಸ್ಟೇಶನ್ ಮಾಸ್ತರ ಬೈಯಾಕ ಬಂದು ತಾನೂ ಒಂದು ಲೆಕ್ಕ ಬಿಡಿಸಿ ಹ್ವಾದ.

ಮತ್ತ ದಿನಕ್ಕೊಂದು ತಪ್ಪು. ಅದು ಯಾರ್ ಕಡೆ ಅದ ಹೇಳು? ಹಲಗಿ ಮ್ಯಾಲ ದಿನಾ ಒಂದು ತಪ್ಪು ಬೇಕಂತ ಬರೀತೀನಿ, ಹಿಡದಾಕಿ ಮುಂದ ಬಂದು ಹತ್ತು ಮಿನಿಟು ಪಾಠ ಹೇಳಬೇಕು. ಆಗ ನೋಡು, ತೂಕಡಸೋರೆಲ್ಲಾ ಹದ್ದಿನ ಕಣ್ಣು ಬಿಡ್ತಿದ್ರು. ಮಾಸ್ತರ ತಪ್ಪು ಹಿಡಿಯೂದು ಅಂದ್ರ ಯಾರಿಗೆ ಬ್ಯಾಡ? ಎಲ್ಲಾರಕಿಂತ ಹೆಚ್ಚು ಹಿಡದಾಕಿ ನೀ. ಅದಕ್ಕ ಶಹಾಬಾದದ ಲಕ್ಷ್ಮಿಕಾಂತ ಶೇಟನ ಫರ್ಸಿ ಯಾರ್ಡಿಗೆ, ಲಾರಿಗೆ ಹೇರೂ ಕಲ್ಲಿನ ಅಳತಿ ಚೀಟಿ ಬರಿಯಾಕ ನಿನ್ನ ಹೆಸರು ಹೇಳಿದ್ದು. ನಮ್ಮ ಕಾಲೇಜಿನ ಮೊದಲನೇ ನೌಕರಿ. ಟ್ರಸ್ಟಿನವ್ರಿಗೆ ಅದೂ ಬರದು ಕಳಿಸಿದ್ದೆ…

ಹೂಂ. ಅಲ್ಲಿ ಆದದ್ದು ಆಗಬಾರದಿತ್ತು. ಲಾರಿನ್ಯಾಗ ಸಾವಿರ ಚೌರಸ ಫೂಟು ಕಲ್ಲು, ಚೀಟಿನ್ಯಾಗ ಮುನ್ನೂರಾ ಅರವತ್ಮೂರು. ಡ್ರೈವರ್ ಜೋಡಿ ಸೇರಿ ಕಲ್ಲು ಕದ್ದಾಳ ಅಂತ ಶೇಟ ಗೇಟಿನ ಮುಂದ ನಿಲ್ಲಿಸಿ ಅಂದ. ಅಂದ, ಖರೆ. ಆದ್ರ ನೀನೂ ಸ್ವಲ್ಪ… ಫರ್ಸಿ ಮ್ಯಾಲ ಹುಟ್ಟಿ ಬೆಳದಾಕಿ ನೀ, ನೂರಜಹಾನ. ಕಲ್ಲು ನೋಡಿದ್ರ ಸಾಕು, ಎಷ್ಟು ಅಂತ ಕಣ್ಣ ಹೇಳ್ತದ. ಮೂರು ಚೌರಸ ಫೂಟು ದಾಟೂ ಕಲ್ಲಿಗೆ ಒಂದು ಚಿಲ್ಲರೆ ಅಂತ ಹ್ಯಾಂಗ ಬರದಿ? ಗಡಿಬಿಡಿ ಮಾಡಿರಬೇಕು. ತಪ್ಪಾತು ಅಂದು ಬಿಡು, ಮುಗೀತದ. ತಪ್ಪು ಯಾರಿಗಿ ಆಗಂಗಿಲ್ಲ…

ಎದ್ದಿ ಯಾಕ? ಚಾ ಬ್ಯಾಡವ್ವ. ಖರೇನ ಬ್ಯಾಡ, ಕುಂದ್ರು.

ಓ… ವಹಿ ತರಾಕ ಹ್ವಾದಿ? ಇದು ನಮ್ಮ ಕ್ಲಾಸಿಂದು. ಎಷ್ಟು ಚಂದ ಇಟ್ಟೀಯ, ಮೂಲಿ ಸೈತ ಮಡಚಿಲ್ಲ. ನಾಳೆ ಇದನ್ನ ತಗೊಂಡು ಬಾ, ಟ್ರಸ್ಟಿನವ್ರು… ಯಾವ ಪುಟ?

ಇದಾ. ಹೂಂ. ಉದ್ದ ಅಗಲ ಎರಡೂ ಒಂದು ಫೂಟು ಹತ್ತು ಇಂಚಿನ ಕಲ್ಲು. ೧.೧೦ ಅಂತ ಬರದು ೧.೧೦ರಿಂದ ಗುಣಿಸಿದ್ದು. ೧.೨೧. ಮ್ಯಾಲ ನಂದ ಸರಿ ಗೆರಿ, ಕೆಂಪು ಮಸಿದು… ಇದು, ನೋಡು, ಅವತ್ತಿನ ತಪ್ಪು ಇದು. ಬೇಕಂತ ಬರದದ್ದು. ನೀವ ಹಿಡೀತೀರಿ ಅಂತ ಬರದಿದ್ದೆ, ಯಾರೂ ಹಿಡೀಲಿಲ್ಲ, ಆಮ್ಯಾಲ ನಾ ಹೇಳೂದು ಮರತೆ… ಹಂಗ್ಯಾಕ ನೋಡ್ತಿ?

ಬಟ್ಟು ಎಲ್ಲಿ ಇಟ್ಟೀಯ? ಕೆಳಗಾ? "ಇವತ್ತಿನ ತಪ್ಪು: ಏಳೆಂಟ್ಲಿ ಐವತ್ನಾಲ್ಕು. ಹಿಡದಾಕಿ ಸರಿತಾ."

ಅದೇ ದಿನ. ಹೌದು… ಅದೇ ದಿನ.

ದಿನಕ್ಕ ಒಂದ ತಪ್ಪು ಇರ್ತಿತ್ತು.

ನೀ ಎದ್ದು ನಿಂತಿದ್ದಿ. ನನಗ ಗೊತ್ತದ, ವಹಿ ಬ್ಯಾಡ, ನನಗ ನೆನಪದ. "ಅಕ್ಕೋರ, ಒಂದು ಫೂಟು ಒಂಬತ್ತು ಇಂಚಿಂದು ೧.೯ ಅಂತೀರಿ, ಒಂದು ಫೂಟು ಹತ್ತು ಇಂಚಿಂದು ೧.೧೦. ದೊಡ್ಡ ಕಲ್ಲು ಸಣ್ಣದು ಹ್ಯಾಂಗ ಆತು?" ಅಂದಿ. ಎಲ್ಲಾರೂ ನನ್ನ ಮಾರಿ ನೋಡಿದ್ರು. ನಾ ಏನಂದೆ? ಇವತ್ತಿನ ತಪ್ಪು ಸರಿತಾ ಹಿಡದಾಳ, ಇನ್ನೊಂದು ಇಲ್ಲ, ಕುಂದ್ರು ಅಂದೆ. ನಿನಗ ಸಮಾಧಾನ ಆಗ್ಲಿಲ್ಲ. ಕೈಲೆ ಇಷ್ಟುದ್ದ ಅಳತಿ ತೋರಿಸಿದಿ. ಕಣ್ಣು ಮೋಸ ಮಾಡ್ತದ, ಹಲಗಿ ಮಾಡಂಗಿಲ್ಲ ಅಂದೆ. ನೀ ಕುಂತಿ.

ಮರುದಿನ ಟೇಪು ಹಚ್ಚಿ ನೋಡಿದೆ. ಹನ್ನೆರಡು ಇಂಚಿಗೆ ಒಂದು ಫೂಟು. ನಾ ಚುಕ್ಕಿ ಇಟ್ಟು ಹತ್ತಕ್ಕ ಒಂದು ಮಾಡಿದ್ದೆ; ಮೂರು ಚೌರಸ ಫೂಟು ದಾಟೂ ಕಲ್ಲು ೧.೨೧ಕ್ಕ ಇಳದಿತ್ತು, ನಿನ್ನ ಚೀಟಿನ್ಯಾಗ ಆದಂಗ. ನೀ ಕೇಳಿದ್ದ ಸರಿ ಇತ್ತು. ಇದು ಶ್ರಾವಣದಾಗ. ನಿನ್ನ ಯಾರ್ಡಿಗೆ ಕಳಿಸಿದ್ದು ಸಂಕ್ರಾಂತಿ ಮ್ಯಾಲ. ಅಷ್ಟು ದಿನ ಇತ್ತು ಹೇಳಾಕ. ಆ ಲೆಕ್ಕ ಮತ್ತ ಹಲಗಿ ಮ್ಯಾಲ ಹಾಕಲಿಲ್ಲ, ಅಷ್ಟ ಮಾಡಿದೆ. ಮರೀತಾರ ಅನ್ಕೊಂಡೆ. ನೀ ಮರಿಯಾಕಿ ಅಲ್ಲ ಅಂತ ಗೊತ್ತಿದ್ದೂ.

ಏನರ ಅನ್ನು, ನೂರಜಹಾನ. ಬೈಯಿ ಬೇಕಾದ್ರ.

ದಿನಕ್ಕೊಂದು ತಪ್ಪು ಹ್ಯಾಂಗ ಸುರು ಆತು ಗೊತ್ತೇನು? ಮೊದಲನೇ ವಾರ ಒಬ್ಬಾಕಿ ಎದ್ದು ಲೆಕ್ಕ ತಪ್ಪದರಿ ಅಂದ್ಳು. ತಪ್ಪ ಇತ್ತು. "ಬೇಕಂತ ಬರದೀನಿ, ಯಾರು ಎಚ್ಚರ ಅದಾರ ನೋಡಾಕ" ಅಂದೆ. ಚಪ್ಪಾಳಿ ಹೊಡದ್ರು. ಅವತ್ತಿನಿಂದ ದಿನಾ ಒಂದು ಬೇಕಂತ ಬರದೆ, ಗೊತ್ತಿಲ್ದ ಆದ ತಪ್ಪೂ ಅದರಾಗ ಮುಚ್ಚಿ ಹೋಗ್ಲಿ ಅಂತ. ಟ್ರಸ್ಟಿನವ್ರು ಇದನ್ನ ಭಾಳ ಚಲೋ ಪದ್ಧತಿ ಅಂತ ಬರಕೊಂಡು ಹೋಗ್ಯಾರ. ನಾಳೆ ಇದನ್ನ ನೋಡಾಕ ಬರಾಕತ್ತಾರ.

ಒಂದು ಕೇಳ್ತೀನಿ. ಈ ಲೆಕ್ಕ ನಿನಗ ಯಾರು ಕಲಿಸಿದ್ರು ಅಂತ ಶೇಟ ಕೇಳೇ ಇರ್ತಾನ. ಗೇಟಿನ ಮುಂದ, ಅಷ್ಟು ಮಂದ್ಯಾಗ. ನೀ ಏನಂದಿ? ಪೀರಮ್ಮ ಅಕ್ಕೋರು ಅಂದಿದ್ರ ಅವ ನನ್ನ ಕರಿಸಿ ಕೇಳ್ತಿದ್ದ…

ಕರಿಸಿಲ್ಲ.

ನೀ ಹೇಳೇ ಇಲ್ಲ?… ನಿಮ್ಮಪ್ಪಗ?… ಅವಗೂ ಇಲ್ಲ. ಅದಕ್ಕ ನನಗ ಬಾಗಿಲದಾಗ ಕೈ ಮುಗದ.

ವಹಿ ಕೊಡು. ಕೊಡವ್ವ, ಹರಿಯಂಗಿಲ್ಲ ನಾ, ನನ್ನ ಆಣಿ. ಐದರ ಗಾಡಿ ಸಿಕ್ರ ಯಾರ್ಡ್ ಮುಚ್ಚೂದ್ರೊಳಗ ಮುಟ್ತೀನಿ. ಈ ಪುಟ ತೆಗದು ಶೇಟನ ಮುಂದ ಇಡ್ತೀನಿ, ಎಲ್ಲಿ ನಿನಗ ಅಂದನೋ ಅಲ್ಲೇ ನಿಂತು. ಟ್ರಸ್ಟಿನವ್ರು ನಾಳೆ ಬರೂದ್ರೊಳಗ ಊರಿಗೆಲ್ಲಾ ಗೊತ್ತಾಗಿರ್ತದ. ಆಗ್ಲಿ. ನೀ ನಾಳೆ ಬರಬ್ಯಾಡ. ಬಾ ಅನ್ನಾಕ ನನಗ ಬಾಯಿಲ್ಲ.

ನಂದು ಅಂತ ಈಗ ಎರಡು ಖೋಲಿ ಅದಾವ. ಗ್ವಾಡಿ ತುಂಬ ಒಂದು ಹಲಗಿ. ಮೂವತ್ತೆಂಟು ಹುಡುಗ್ಯಾರು. ಶಹಾಬಾದದಾಗ ನಡದು ಹೊಂಟ್ರ ಅಕ್ಕೋರು ಬಂದ್ರು ಅಂತ ಸರದು ನಿಲ್ಲೋ ಮಂದಿ. ಇಷ್ಟೂ ಉಳಸ್ಕೊಳ್ಳಾಕ ನಾ ಕೊಟ್ಟದ್ದು, ಹತ್ತೊಂಬತ್ತು ವರ್ಷದ ಹುಡುಗಿ ಕಳ್ಳಿ ಅನ್ನಿಸ್ಕೊಂಡು ಮನ್ಯಾಗ ಕುಂತ ಹದಿಮೂರು ದಿನ.