ಅಳತೆಗೆ ನಿಂತ ಗಂಡ

ಬಸ್ಸಿಗೆ ಕಾಯುತ್ತಿದ್ದ ಸಾಲಿನಲ್ಲಿ ನನ್ನ ಮುಂದೆ, ಪ್ರವಾಸಕ್ಕೆ ಬಂದಿದ್ದ ಗಂಡ ಹೆಂಡತಿ. ಆಕೆ ಎದುರಿನ ಹಳೆಯ ಅಂಚೆ ಕಚೇರಿಯನ್ನು ಪೆನ್ಸಿಲಿನಲ್ಲಿ ಚಿತ್ರಿಸುತ್ತಿದ್ದರು. ಆತ ಹೆಂಡತಿಯ ಭುಜದ ಮೇಲಿಂದ ಇಣುಕಿದರು.

“ಬಾಗಿಲ ಹತ್ರ ಈ ಕಡ್ಡಿ ಯಾರು?”

“ನೀವೇ ರೀ. ಬಾಗಿಲು ಎಷ್ಟೆತ್ತರ ಅಂತ ಗೊತ್ತಾಗೋಕೆ ಪಕ್ಕದಲ್ಲಿ ಒಬ್ಬ ಮನುಷ್ಯ ಬೇಕಲ್ಲ.”

“ಹೋದ ಊರಲ್ಲೆಲ್ಲ ನಾನು ಬರೀ ಅಳತೆಕೋಲು! ಫೋನಲ್ಲಿ ಚಿತ್ರ ನೋಡಿ ಮಗಳು, ‘ಅಪ್ಪ ಬರ್ಲಿಲ್ವಾ?’ ಅಂತ ಕೇಳಿದ್ಲು.”

“ಕಟ್ಟಡ ಅಲ್ಲಾಡದೆ ನಿಲ್ಲತ್ತೆ. ನೀವು ಕೂತಲ್ಲಿ ಕೂರಲ್ಲ. ಮುಖ ಹೇಗೆ ಬರೀಲಿ?”

“ಕಿಟಕಿಗೆ ಒಂದು ಸರಳೂ ಬಿಡದೆ ಹಾಕ್ತೀಯ, ನನಗೊಂದು ಮೂಗಿಲ್ಲ. ನಾಳೆ ವಾಪಸ್ ಹೊರಡ್ತೀವಿ. ಇವತ್ತಾದ್ರೂ ಬರಿ.”

“ಮೀಸೆ ಮುಟ್ಕೋಬಾರದು.”

“ಮುಟ್ಟಲ್ಲ.”

“ಮಾತೂ ಆಡಬಾರದು.”

ಆತ ಆಗಲಿ ಎಂದು ತಲೆಯಾಡಿಸಿದರು.

“ನೋಡಿ, ಆಗ್ಲೇ ಅಲ್ಲಾಡಿದ್ರಿ!”

ಆಕೆ ಹೊಸ ಹಾಳೆ ತಿರುವಿದರು. ಆತ ಉಸಿರು ಬಿಗಿಹಿಡಿದು ದೀಪದ ಕಂಬಕ್ಕೆ ತಮ್ಮನಾಗಿ ನಿಂತರು. ಅಷ್ಟರಲ್ಲಿ ಬಸ್ಸು ಬಂದೇಬಿಟ್ಟಿತು. ಆತ ತುಟಿ ಕದಲಿಸದೆ, “ಅಸ್ಸು ಅಂತು” ಎಂದರು.

“ಬರಲಿ ಬಿಡಿ, ಮುಂದಿನದಕ್ಕೆ ಹೋಗೋಣ. ಮೂಗು ಈಗಷ್ಟೇ ಚೆನ್ನಾಗಿ ಬಂದಿದೆ.”

“ಇಲ್ಲಿ ಎಲ್ಲರಿಗೂ ಅಡ್ಡ ಆಗತ್ತಲ್ಲೇ.”

“ಆ ಕಚೇರಿ ಮೆಟ್ಟಿಲ ಮೇಲೆ ಕೂರೋಣ. ಕತ್ತು ಮಾತ್ರ ಹಾಗೇ ಇರಲಿ.”

ನನಗೆ ದಾರಿ ಬಿಟ್ಟು ಅವರು ಸಾಲಿನಿಂದ ಹೊರಬಂದರು. ಆಕೆ ಅತ್ತಿತ್ತ ನೋಡಿ ಕೈಹಿಡಿದು ರಸ್ತೆ ದಾಟಿಸಿದರು. ಆತ ತುಂಬಿದ ಕೊಡ ಹೊತ್ತವರ ಹಾಗೆ, ಒಂದು ಹನಿಯೂ ಚೆಲ್ಲದಂತೆ ತಮ್ಮ ಮುಖವನ್ನು ಹೊತ್ತುಕೊಂಡು ಹೋದರು.