ನೆಲಕ್ಕಿಳಿಯಬೇಕಿದ್ದ ಮಚ್ಚು

ವೇದಿಕೆಯ ನಡುವೆ ಕೂತಿರುವ ಕಾರ್ಖಾನೆಯ ಯಜಮಾನರೇ, ಈಗಷ್ಟೇ ಎದೆಗೆ ಪದಕ ಚುಚ್ಚಿಸಿಕೊಂಡ ಕಾವಲು ಮುಖ್ಯಸ್ಥ ವಾಲ್ದೆಸಿರ್ ಅವರೇ, ಪಾದ್ರಿಗಳೇ, ಬೆನ್ನು ನೆಟ್ಟಗಾಗದ ನನ್ನ ಕಬ್ಬು ಕಡಿಯುವ ಸಭಿಕರೇ,

ಮೂವತ್ತು ವರ್ಷ ಮೈಗೆ ಗಾಯವಿಲ್ಲದೆ ಕಬ್ಬು ಕಡಿದೆನೆಂದು ನನಗೆ ಈ ಹೊಸ ಮಚ್ಚು ಕೊಟ್ಟಿರಿ. "ಜೋಸೆಲ್ಮ, ಗುಟ್ಟೇನು ಹೇಳು" ಅಂದಿರಿ. ಗುಟ್ಟೇನು ಬಂತು? ಪಕ್ಕದ ಸಾಲಿನವನ ಹೆಗಲು ನೋಡುವುದು. ಹೆಗಲು ಕುಸಿದರೆ ಮಚ್ಚು ಬುಡಕ್ಕೆ, ಹೊರಳಿದರೆ ತುದಿಗೆ. ಅವನ ಕೈ ಏಳುವ ಮೊದಲೇ ನನ್ನ ಕಾಲು ಸರಿದಿರುತ್ತದೆ. ನನ್ನ ಪಕ್ಕದ ಸಾಲಿನ ಜೆನಿಲ್ಡೊ ನಗಾಡುತ್ತಿದ್ದ: "ಅಕ್ಕಾ, ನಿನ್ ಗಂಡನಿಗಿಂತ ನಿನ್ನ ನಾನೇ ಚೆನ್ನಾಗಿ ಬಲ್ಲೆ. ನೀನು ಸೀನೋ ಮೊದಲೇ ಪಕ್ಕಕ್ಕೆ ಸರೀತೀನಿ!"

ಸಾಲು ಮುಗಿದರೆ ನಾವೇನು ಮಾಡುತ್ತೇವೆ? ಮಚ್ಚನ್ನು ತಲೆಯ ಮೇಲಕ್ಕೆತ್ತಿ ನೆಲಕ್ಕೆ ನಾಟಿ, ಬುತ್ತಿ ಬಿಚ್ಚುತ್ತೇವೆ. ನಮ್ಮ ಕೂಸುಗಳಿಗೂ ಇದು ಗೊತ್ತು. ಕುಡಿಯುವ ನೀರಿಗಾಗಿ ತಕರಾರೆದ್ದ ಆ ದಿನ, ಸಾಲು ಮುಗಿಸಿದ ಜೆನಿಲ್ಡೊ ಮಚ್ಚೆತ್ತಿದ. ವಾಲ್ದೆಸಿರ್ ಅವರು ಗುಂಡು ಹೊಡೆದರು. ಮೊಣಕೈ ಚೂರಾಯಿತು. ಈಗ ಕೊಲೆಗೆ ಯತ್ನಿಸಿದನೆಂದು ಅವನ ಮೇಲೆಯೇ ಕೇಸು. ಸೋಮವಾರ ವಿಚಾರಣೆ. ಇವರಿಗೆ ಮಾತ್ರ "ಮುಂದೇನಾಗುತ್ತದೆಂದು ಮೊದಲೇ ಅರಿತವರು" ಎಂದು ಪದಕ!

ಏನು ಅರಿತಿರಿ ಸ್ವಾಮೀ? ಆರು ವರ್ಷ ಬದುವಿನ ಮೇಲೆ ನಿಂತಿರಿ. ದಿನವೂ ಆ ಕೈ ಎದ್ದಿತು, ದಿನವೂ ನೆಲಕ್ಕಿಳಿಯಿತು. ಒಂದು ಸಲವಾದರೂ ನೋಡಿದಿರಾ? ಕಾವಲು ಕಾದಿರಿ, ನೋಡಲಿಲ್ಲ. ಜೆನಿಲ್ಡೊನಂಥ ಕರಿಯನ ಕೈ ಎದ್ದರೆ ಅದಕ್ಕೆ ಒಂದೇ ಕೆಲಸ ಅಂತ ಮನೆಯಿಂದಲೇ ತೀರ್ಮಾನಿಸಿಕೊಂಡು ಬಂದವರಿಗೆ ನೋಡುವ ದರ್ದಾದರೂ ಏನು?

ನಾನೇನು ಕಡಿಮೆಯೇ? ಅವತ್ತು ವಾಲ್ದೆಸಿರ್ ಅವರ ಹೆಗಲನ್ನೂ ನೋಡಿದ್ದೆ. ಬಂದೂಕು ಏಳುತ್ತದೆಂದು ಗೊತ್ತಾಯಿತು. ಬಗ್ಗಿದೆ. ಕೂಗಲಿಲ್ಲ. ಆಮೇಲೆ ಪೊಲೀಸರಿಗೆ "ಬಗ್ಗಿದ್ದೆ, ಏನೂ ಕಾಣಲಿಲ್ಲ" ಅಂತ ಹೆಬ್ಬೆಟ್ಟೊತ್ತಿದೆ. ನೀವು ಕೊಂಡಾಡುತ್ತಿರುವ ಗಾಯವಿಲ್ಲದ ಮೂವತ್ತನೇ ವರ್ಷ ಅದೇ.

ಸೋಮವಾರ ಕೋರ್ಟಿಗೆ ಹೋಗಿ, ಅವತ್ತು ಕಂಡದ್ದನ್ನೇ ಹೇಳುತ್ತೇನೆ. ಕಂಡವರೆಲ್ಲ ಬನ್ನಿ.

ಇಗೋ, ನನ್ನ ಸಾಲು ಮುಗಿಯಿತು. ನೀವು ಕೊಟ್ಟ ಮಚ್ಚನ್ನು ತಲೆಯ ಮೇಲಕ್ಕೆತ್ತಿದ್ದೇನೆ. ನೋಡಿ ಸಭಿಕರೇ, ನೋಡಿ! ವಾಲ್ದೆಸಿರ್ ಅವರ ಕೈ ಆಗಲೇ ಸೊಂಟದ ಪಿಸ್ತೂಲಿಗೆ ಹೋಯಿತು. ಇಷ್ಟು ಜನರ ಮುಂದೆ, ಐವತ್ತೆಂಟರ ಹೆಂಗಸಿಗೆ! ಗಾಬರಿ ಬೇಡ ಸ್ವಾಮೀ. ಈ ಮೇಜಿಗೆ ನಾಟುತ್ತೇನೆ, ಅಷ್ಟೇ. ಇಲ್ಲೇ ಇರಲಿ, ನನಗೆ ಬೇಡ.

ಕಿವಿಗೊಟ್ಟ ನನ್ನ ಸಾಲಿನವರಿಗೆಲ್ಲ ಋಣಿ. ನಮಸ್ಕಾರ.